ಕರಿಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ: ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕೆಲವು ಮಾತುಗಳು

(ಕೊಕ್ಕರೆ ಬೆಳ್ಳೂರಿನಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ ಕಣ್ಣಿನ ಕಾಯಿಲೆಯ ಬಗ್ಗೆ ಮಾತನಾಡಲು ಏಕೆ ನಿಂತಳು ಎಂದು ನಿಮಗೆ ಅನ್ನಿಸಬಹುದು. ನಾನು ವೈದ್ಯೆಯಲ್ಲ. ಆದರೆ ತರಗತಿಯಲ್ಲಿ ಯಾವ ಮಗು ಕರಿಹಲಗೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತದೆ, ಯಾವ ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತದೆ ಎಂಬುದು ವೈದ್ಯರಿಗಿಂತ ಮೊದಲು ನಮಗೆ ಕಾಣುತ್ತದೆ. ಹಾಗೆ ಕಂಡ ಮಕ್ಕಳೇ ಈಗ ಬೆಳೆದು ಮೈಸೂರು, ಬೆಂಗಳೂರು, ಮಂಡ್ಯದ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ಕೆಲವರು ಕನ್ನಡಕ ತೆಗೆದಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕತೊಡಗಿದ್ದಾರೆ. ಲೆನ್ಸ್ ಹಾಕುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿದಂತಿಲ್ಲ. ವೈದ್ಯರು ಹೇಳುವ ವಿಷಯವನ್ನು ನಿಮ್ಮ ಭಾಷೆಯಲ್ಲಿ ಹೇಳುವುದಷ್ಟೇ ಈ ಹೊತ್ತಿನ ನನ್ನ ಕೆಲಸ.

ಹಕ್ಕಿಗೆ ಮೂರು ರೆಪ್ಪೆ, ನಮಗೆ ಎರಡು

ನಾವು ಸೇರಿರುವ ಈ ಊರು ಹಕ್ಕಿಗಳಿಂದಲೇ ಹೆಸರಾದದ್ದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಈ ಹಕ್ಕಿಗಳು ಸುತ್ತಲಿನ ಕೆರೆಗಳಲ್ಲಿ, ಶಿಂಷಾ ನದಿಯಲ್ಲಿ ತಲೆ ಮುಳುಗಿಸಿ ಮೀನು ಹಿಡಿಯುತ್ತವೆ. ಆ ರಾಡಿ ನೀರು ಅವುಗಳ ಕಣ್ಣಿಗೆ ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಹಕ್ಕಿಗಳಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಮೂರನೆಯದೊಂದು ತೆಳುವಾದ ರೆಪ್ಪೆಯಿದೆ. ಅದು ಪಕ್ಕದಿಂದ ಜಾರಿ ಬಂದು ಕಣ್ಣನ್ನು ಒರೆಸಿ ಹೋಗುತ್ತದೆ.

ಮನುಷ್ಯರಿಗೆ ಆ ಮೂರನೆಯ ರೆಪ್ಪೆ ಇಲ್ಲ. ನಮಗಿರುವುದು ಎರಡು ರೆಪ್ಪೆ, ಕಣ್ಣೀರು ಮತ್ತು ತಿಳಿವಳಿಕೆ. ಕಣ್ಣೀರಿನಲ್ಲಿ ರೋಗಾಣುಗಳನ್ನು ಕೊಲ್ಲುವ ಪದಾರ್ಥಗಳಿವೆ. ಪ್ರತಿ ಸಲ ರೆಪ್ಪೆ ಬಡಿದಾಗ ಆ ಕಣ್ಣೀರು ಕರಿಗುಡ್ಡೆಯ ಮೇಲೆ ಹರಡಿ, ಧೂಳನ್ನೂ ರೋಗಾಣುವನ್ನೂ ತೊಳೆಯುತ್ತದೆ. ಲೆನ್ಸ್ ಹಾಕಿದಾಗ ಈ ಕಾವಲಿನ ನಡುವೆ ಒಂದು ಹೊರಗಿನ ವಸ್ತು ಬಂದು ಕೂರುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಮುಂದೆ ಹೇಳುವ ವಿಷಯವೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕೊಂಬಿನ ಹೆಸರಿನ ಗಾಜು

ಕಣ್ಣಿನ ಎದುರುಗಡೆ ಕೈಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರವಿದೆ. ಅದೇ ಕಾರ್ನಿಯಾ. ನಾವು ಕರಿಗುಡ್ಡೆ ಎನ್ನುವುದು ಈ ಗಾಜಿನ ಮೂಲಕ ಕಾಣುವ ಒಳಗಿನ ಬಣ್ಣವನ್ನು. ಉರ್ದುವಿನಲ್ಲಿ ಇದಕ್ಕೆ 'ಕರ್ನಿಯಾ' ಎನ್ನುತ್ತೇವೆ. ಈ ಪದ ಅರಬಿಯ 'ಕರ್ನ್' ಎಂಬುದರಿಂದ ಬಂದದ್ದು, ಅದರ ಅರ್ಥ ಕೊಂಬು. ಲ್ಯಾಟಿನ್ನಿನ 'ಕಾರ್ನಿಯಾ' ಪದದಲ್ಲಿಯೂ ಕೊಂಬು ಎಂಬ ಅರ್ಥವೇ ಇದೆ. ಕಾರ್ನಿಯಾ ಉರಿಯೂತಕ್ಕೆ ವೈದ್ಯರು 'ಕೆರಟೈಟಿಸ್' ಎನ್ನುತ್ತಾರಲ್ಲ, ಅದು ಕೊಂಬಿಗೆ ಗ್ರೀಕರು ಹೇಳುವ 'ಕೆರಾಸ್' ಎಂಬ ಪದದಿಂದ ಬಂದದ್ದು. ತೆಳುವಾಗಿ ಸೀಳಿದ ಕೊಂಬಿನ ಹಾಗೆ ಬೆಳಕನ್ನು ಬಿಡುವ ಪದರ ಎಂಬುದೇ ಈ ಹೆಸರುಗಳ ಹಿಂದಿನ ಕಲ್ಪನೆ. 9ನೆಯ ಶತಮಾನದಲ್ಲಿ ಬಗ್ದಾದಿನ ಹುನೈನ್ ಇಬ್ನ್ ಇಸ್‌ಹಾಕ್ ಕಣ್ಣಿನ ಬಗ್ಗೆಯೇ ಅರಬಿಯಲ್ಲಿ ಹತ್ತು ಪ್ರಬಂಧಗಳನ್ನು ಬರೆದರು. 11ನೆಯ ಶತಮಾನದಲ್ಲಿ ಇಬ್ನ್ ಅಲ್ ಹೈಥಮ್ ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ, ವಸ್ತುಗಳಿಂದ ಹೊರಟ ಬೆಳಕು ಕಣ್ಣಿನೊಳಗೆ ಬರುವುದರಿಂದಲೇ ನೋಟ ಉಂಟಾಗುತ್ತದೆ ಎಂದು ವಿವರಿಸಿದರು. ಆ ಬೆಳಕು ಮೊದಲು ದಾಟುವ ಬಾಗಿಲೇ ಕಾರ್ನಿಯಾ.

ಈ ಬಾಗಿಲಿನ ಅಗಲ 11ರಿಂದ 12 ಮಿಲಿಮೀಟರ್. ನಡುವಿನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದರೂ ಬೆಳಕನ್ನು ಬಾಗಿಸಿ ಒಂದೆಡೆ ಸೇರಿಸುವ ಕಣ್ಣಿನ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದೇ. ಇದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಪಾರದರ್ಶಕವಾಗಿ ಇರುತ್ತಿರಲಿಲ್ಲ. ರಕ್ತವಿಲ್ಲದ್ದರಿಂದ ತನಗೆ ಬೇಕಾದ ಆಮ್ಲಜನಕವನ್ನು ಹೆಚ್ಚಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ನರಗಳು ಮಾತ್ರ ಇಲ್ಲಿ ಬಹಳ ದಟ್ಟವಾಗಿವೆ. ಒಂದು ಧೂಳಿನ ಕಣ ಬಿದ್ದರೂ ನಾವು ಒದ್ದಾಡುವುದು ಅದಕ್ಕೇ. ಆ ನೋವು ನಮಗೆ ಶಿಕ್ಷೆಯಲ್ಲ, ಎಚ್ಚರಿಕೆ.

ಕಾರ್ನಿಯಾದ ಮೇಲ್ಪದರಕ್ಕೆ ಮಾತ್ರ ಗೀರು ಬಿದ್ದರೆ ಒಂದೆರಡು ದಿನದಲ್ಲಿ ಗುರುತಿಲ್ಲದೆ ಮಾಯುತ್ತದೆ. ಸೋಂಕು ಒಳಪದರಕ್ಕೆ ಇಳಿದು ಹುಣ್ಣಾದರೆ, ಅದು ಮಾಯ್ದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ 'ಕಣ್ಣಿಗೆ ಹೂ ಬಿದ್ದಿದೆ' ಎನ್ನುವುದು ಇದನ್ನೇ. ಕಲೆ ನಡುವಿನಲ್ಲಿ ಬಿದ್ದರೆ ಆ ಕಣ್ಣು ಮಂಜು ಹಿಡಿದ ಕಿಟಕಿಯಂತಾಗುತ್ತದೆ. 2015ರಿಂದ 2019ರವರೆಗೆ ನಮ್ಮ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ವರ್ಷದೊಳಗಿನವರ ಅಂಧತ್ವಕ್ಕೆ ಮೊದಲನೆಯ ಕಾರಣ ಕಾರ್ನಿಯಾದ ಮೇಲಿನ ಇಂತಹ ಕಲೆಯೇ. ವಯಸ್ಸಾದವರ ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬಹುದು. ಈ ಹೂವನ್ನು ಅಷ್ಟು ಸುಲಭವಾಗಿ ತೆಗೆಯಲಾಗದು.

ಲೆನ್ಸ್ ಶತ್ರುವಲ್ಲ

ಲೆನ್ಸ್ ಹಾಕಲೇಬೇಡಿ ಎಂದು ಹೇಳಲು ನಾನು ಬಂದಿಲ್ಲ. 1888ರಲ್ಲಿ ಅಡಾಲ್ಫ್ ಫಿಕ್ ಎಂಬ ನೇತ್ರತಜ್ಞರು ಗಾಜಿನ ಲೆನ್ಸ್‌ಗಳನ್ನು ತಯಾರಿಸಿ ರೋಗಿಗಳ ಕಣ್ಣಿಗೆ ಹಾಕಿ ನೋಡಿದರು. ಇಂದು ನಾವು ಕಾಣುವ ಮೆತ್ತನೆಯ ಲೆನ್ಸ್‌ಗೆ ದಾರಿ ಮಾಡಿದವರು ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ. 1961ರ ಕೊನೆಯಲ್ಲಿ ಅವರು ಮಕ್ಕಳ ಆಟದ ಜೋಡಣೆ ಸಾಮಾನಿನಿಂದ ಮನೆಯಲ್ಲೇ ಒಂದು ಯಂತ್ರ ಮಾಡಿಕೊಂಡು ಅದರಲ್ಲಿ ಲೆನ್ಸ್ ತಯಾರಿಸಿದರು. ಬಹಳ ಹೆಚ್ಚು ಪವರ್ ಇರುವವರಿಗೆ, ಎರಡು ಕಣ್ಣಿನ ಪವರ್‌ನಲ್ಲಿ ತುಂಬ ವ್ಯತ್ಯಾಸವಿರುವವರಿಗೆ, ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕಾಯಿಲೆ ಇರುವವರಿಗೆ ಲೆನ್ಸ್ ನಿಜವಾಗಿ ದೊಡ್ಡ ಉಪಕಾರಿ. ವೈದ್ಯರು ನೋಡಿ ಅಳತೆ ತೆಗೆದು ಕೊಟ್ಟ ಲೆನ್ಸ್ ಅನ್ನು ಕ್ರಮದಂತೆ ಬಳಸುವವರಲ್ಲಿ ಸೋಂಕು ಅಪರೂಪ.

ಎಷ್ಟು ಅಪರೂಪ? 1989ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಒಂದು ಅಧ್ಯಯನ ಪ್ರಕಟವಾಯಿತು. ಮೆತ್ತನೆಯ ಲೆನ್ಸ್ ಅನ್ನು ಹಗಲು ಹಾಕಿ ರಾತ್ರಿ ತೆಗೆಯುವ 10,000 ಮಂದಿಯಲ್ಲಿ ವರ್ಷಕ್ಕೆ ಸುಮಾರು 4 ಮಂದಿಗೆ ಕಾರ್ನಿಯಾದಲ್ಲಿ ಹುಣ್ಣಾಗುತ್ತಿತ್ತು. ರಾತ್ರಿ ನಿದ್ದೆಯಲ್ಲೂ ಹಾಕಿಕೊಂಡೇ ಇರುವ ಬಗೆಯ ಲೆನ್ಸ್ ಬಳಸುವವರಲ್ಲಿ ಆ ಸಂಖ್ಯೆ ಸುಮಾರು 21. ಒಂದು ಅಭ್ಯಾಸದಿಂದ ಅಪಾಯ ಐದು ಪಟ್ಟಾಯಿತು. ನಿದ್ದೆಯಲ್ಲಿ ರೆಪ್ಪೆ ಮುಚ್ಚಿರುವಾಗ ಕಾರ್ನಿಯಾಕ್ಕೆ ಸಿಗುವ ಆಮ್ಲಜನಕ ಮೊದಲೇ ಕಡಿಮೆ. ಅದರ ಮೇಲೆ ಲೆನ್ಸ್ ಕೂಡ ಮುಚ್ಚಿಕೊಂಡರೆ ಮೇಲ್ಪದರ ದುರ್ಬಲವಾಗುತ್ತದೆ, ಕಣ್ಣೀರು ಓಡಾಡುವುದಿಲ್ಲ, ರೋಗಾಣುವಿಗೆ ಒಳಹೋಗಲು ದಾರಿ ಸಿಗುತ್ತದೆ.

ಒಳಗೆ ಬರುವ ಮೂವರು

ಲೆನ್ಸ್ ಹಾಕುವವರ ಕಾರ್ನಿಯಾಕ್ಕೆ ತೊಂದರೆ ಕೊಡುವ ರೋಗಾಣುಗಳಲ್ಲಿ ಮುಖ್ಯವಾದ ಮೂರನ್ನು ತಿಳಿದುಕೊಳ್ಳಿ.

ಮೊದಲನೆಯದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಒದ್ದೆಯಾಗಿರುವ ಯಾವ ಜಾಗದಲ್ಲೂ ಅದು ಬೆಳೆಯುತ್ತದೆ, ಲೆನ್ಸ್ ಡಬ್ಬಿಯೊಳಗೂ ಬೆಳೆಯುತ್ತದೆ. ಇದರ ವೇಗ ಭಯಂಕರ. ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು.

ಎರಡನೆಯದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ಫ್ಯೂಸೇರಿಯಂ, ಆಸ್ಪರ್‌ಜಿಲ್ಲಸ್ ಇದರಲ್ಲಿ ಸೇರಿವೆ. ಮಣ್ಣಿನಲ್ಲಿ, ಬೆಳೆಯಲ್ಲಿ, ಒಣಹುಲ್ಲಿನಲ್ಲಿ ಇವು ಇದ್ದೇ ಇರುತ್ತವೆ. ನಿಧಾನವಾಗಿ ಬೆಳೆಯುತ್ತವೆ, ಆದರೆ ಆಳಕ್ಕೆ ಇಳಿಯುತ್ತವೆ.

ಮೂರನೆಯದು ಅಕಾಂತಮೀಬಾ ಎಂಬ ಏಕಕೋಶ ಜೀವಿ. ಕೆರೆ, ನದಿ, ಬಾವಿ, ನಲ್ಲಿ, ಮನೆಯ ಮೇಲಿನ ಟ್ಯಾಂಕು, ಈಜುಕೊಳ ಎಲ್ಲೆಡೆಯೂ ಇರಬಹುದು. ಪರಿಸ್ಥಿತಿ ಕೆಟ್ಟಾಗ ತನ್ನ ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕುಳಿತುಬಿಡುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಈ ಸೋಂಕಿನಲ್ಲಿ ಕಣ್ಣು ನೋಡಲು ಅಷ್ಟೇನೂ ಕೆಟ್ಟಿರದಿದ್ದರೂ ನೋವು ಮಾತ್ರ ಸಹಿಸಲಾಗದಂತೆ ಇರಬಹುದು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಕುಡಿಯಲು ಶುದ್ಧವಾದ ನೀರು ಲೆನ್ಸ್‌ಗೂ ಶುದ್ಧ ಎಂದು ಭಾವಿಸಬೇಡಿ ಎನ್ನುವುದು ಇದಕ್ಕಾಗಿಯೇ.

2006ರ ಪಾಠ

2006ರ ಮೊದಲ ತಿಂಗಳುಗಳಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಹೊಲದ ಮುಖವನ್ನೇ ನೋಡದ ನಗರದ ಯುವಜನರಿಗೆ ಫ್ಯೂಸೇರಿಯಂ ಶಿಲೀಂಧ್ರದಿಂದ ಕಾರ್ನಿಯಾದಲ್ಲಿ ಹುಣ್ಣಾಗುತ್ತಿತ್ತು. ಅವರೆಲ್ಲ ಲೆನ್ಸ್ ಹಾಕುವವರು. ಹೆಚ್ಚಿನವರು ಬಳಸುತ್ತಿದ್ದದ್ದು ಬಾಷ್ ಅಂಡ್ ಲಾಂಬ್ ಕಂಪನಿಯ 'ರೆನ್ಯೂ ವಿತ್ ಮಾಯಿಶ್ಚರ್‌ಲಾಕ್' ಎಂಬ ಲೆನ್ಸ್ ದ್ರಾವಣವನ್ನು. ಅಮೆರಿಕದಲ್ಲಿಯೂ ಇಂತಹ ಪ್ರಕರಣಗಳು ಕಂಡುಬಂದವು. ಆ ವರ್ಷದ ಜೂನ್ ಕೊನೆಯ ವೇಳೆಗೆ ಅಲ್ಲಿ ಖಚಿತವಾದ ಪ್ರಕರಣಗಳು 164. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಕಾರ್ನಿಯಾ ಕಸಿಯೇ ಬೇಕಾಯಿತು. ಮೇ ತಿಂಗಳಲ್ಲಿ ಕಂಪನಿ ಆ ದ್ರಾವಣವನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಮರುವರ್ಷ, 2007ರ ಮೇ ತಿಂಗಳಲ್ಲಿ, ಅಕಾಂತಮೀಬಾ ಸೋಂಕಿನ ಕಾರಣದಿಂದ ಬೇರೊಂದು ಕಂಪನಿಯ ದ್ರಾವಣವೂ ಮಾರುಕಟ್ಟೆಯಿಂದ ಹೊರಹೋಯಿತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಶಿಲೀಂಧ್ರ ಕಾರ್ಖಾನೆಯಿಂದ ಬಾಟಲಿಯೊಳಗೆ ಬಂದದ್ದಲ್ಲ. ದ್ರಾವಣ ಬಳಕೆಯಲ್ಲಿರುವಾಗ, ಡಬ್ಬಿಯಲ್ಲಿ ಆರಿ ಗಟ್ಟಿಯಾಗುವಾಗ, ಅದರ ರೋಗಾಣು ಕೊಲ್ಲುವ ಶಕ್ತಿ ಕುಂದುತ್ತಿತ್ತು. ಹಳೆಯ ದ್ರಾವಣ ಚೆಲ್ಲದೆ ಅದರ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸ ಅಪಾಯವನ್ನು ಹೆಚ್ಚಿಸುತ್ತಿತ್ತು. ನಮ್ಮ ಹಾಸ್ಟೆಲ್ ಮಕ್ಕಳು 'ದುಡ್ಡು ಉಳಿಯಲಿ' ಎಂದು ಮಾಡುವುದು ಇದನ್ನೇ ಅಲ್ಲವೇ?

ಗದ್ದೆಯಲ್ಲೂ ಇದೇ ಕಾಯಿಲೆ

'ನಮ್ಮ ಮನೆಯಲ್ಲಿ ಯಾರೂ ಲೆನ್ಸ್ ಹಾಕುವುದಿಲ್ಲ, ನಮಗೇಕೆ ಈ ಮಾತು' ಎಂದು ಹಿರಿಯರು ಅಂದುಕೊಂಡಿರಬಹುದು. ನಮ್ಮ ಮದ್ದೂರು, ಮಳವಳ್ಳಿ ಸೀಮೆ ಭತ್ತ ಮತ್ತು ಕಬ್ಬಿನ ಸೀಮೆ. ಕಬ್ಬಿನ ಗರಿಯ ಅಂಚು ಗರಗಸದಂತೆ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತದೆ. ಪೇಟೆಯ ಹುಡುಗಿಗೆ ಲೆನ್ಸ್‌ನಿಂದ ಆದ ಗೀರೂ, ರೈತನಿಗೆ ಕಬ್ಬಿನ ಗರಿಯಿಂದ ಆದ ಗೀರೂ ಕಾರ್ನಿಯಾಕ್ಕೆ ಒಂದೇ. ನಮ್ಮ ನೆರೆಯ ತಮಿಳುನಾಡಿನ ಮದುರೈ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಲೆಕ್ಕ ಹಾಕಿದಾಗ, ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 113 ಮಂದಿಗೆ ಕಾರ್ನಿಯಾ ಹುಣ್ಣಾಗುತ್ತಿತ್ತು. ಅಮೆರಿಕದ ಒಂದು ಜಿಲ್ಲೆಯಲ್ಲಿ ಕಂಡ ಲೆಕ್ಕಕ್ಕಿಂತ ಅದು ಹತ್ತು ಪಟ್ಟು. ದಕ್ಷಿಣ ಭಾರತದಲ್ಲಿ ಇಂತಹ ಹುಣ್ಣುಗಳ ದೊಡ್ಡ ಪಾಲು ಶಿಲೀಂಧ್ರದ್ದು, ಅದರಲ್ಲೂ ಹೊಲಗದ್ದೆಯ ಗಾಯದಿಂದ ಬಂದದ್ದು.

ಸಮಾಧಾನದ ಸುದ್ದಿಯೂ ಇದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆ ತಕ್ಷಣ ಆಂಟಿಬಯಾಟಿಕ್ ಮುಲಾಮು ಹಚ್ಚಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಾಯವಾದ 18 ಗಂಟೆಗಳೊಳಗೆ ಮುಲಾಮು ಸಿಕ್ಕವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಕಣ್ಣಿನ ವಿಷಯದಲ್ಲಿ ದಿನಗಳ ಲೆಕ್ಕ ಬೇಡ, ಗಂಟೆಗಳ ಲೆಕ್ಕವಿಡಿ.

ಕನ್ನಡಕದ ನಾಚಿಕೆ

ಈಗ ಅಮ್ಮಂದಿರಿಗೆ ಒಂದು ಮಾತು. ನಾನು ಬಲ್ಲ ಒಬ್ಬ ವಿದ್ಯಾರ್ಥಿನಿ ಎಂಟನೆಯ ತರಗತಿಯಿಂದ ಕನ್ನಡಕ ಹಾಕುತ್ತಿದ್ದಳು. ರಿಷ್ತಾ ನೋಡಲು ಬರುವವರ ಮುಂದೆ ಕನ್ನಡಕ ಬೇಡ ಎಂದು ಮನೆಯಲ್ಲಿ ಹೇಳಿದರು. ಕಣ್ಣಿನ ಪರೀಕ್ಷೆಯಿಲ್ಲದೆ ಅಂಗಡಿಯಿಂದ ಬಣ್ಣದ ಲೆನ್ಸ್ ತರಿಸಿಕೊಂಡಳು. ಬಂಧುಗಳ ಮದುವೆ ಮನೆಯಲ್ಲಿ ಮೆಹಂದಿಯ ರಾತ್ರಿ, ಕೈಗೆ ಮೆಹಂದಿ ಇದ್ದದ್ದರಿಂದ ಲೆನ್ಸ್ ತೆಗೆಯದೆ ಮಲಗಿದಳು. ಮರುದಿನ ಡಬ್ಬಿಯನ್ನು ನಲ್ಲಿ ನೀರಿನಲ್ಲಿ ತೊಳೆದು ಅದರಲ್ಲೇ ಲೆನ್ಸ್ ಇಟ್ಟಳು. ಮೂರನೆಯ ದಿನ ಒಂದು ಕಣ್ಣು ಕೆಂಪಾಯಿತು. ಲೆನ್ಸ್ ಹಾಕುವ ವಿಷಯ ಹೊರಗೆ ತಿಳಿದರೆ ರಿಷ್ತಾ ತಪ್ಪಿ ಹೋಗುತ್ತದೆಂಬ ಭಯದಿಂದ 'ಮದ್ರಾಸ್ ಐ' ಎಂದು ಹೇಳಿಕೊಂಡಳು. ಮೆಡಿಕಲ್ ಅಂಗಡಿಯಿಂದ ಹನಿ ಔಷಧಿ ತಂದು ಹಾಕಿದರು. ಕೆಂಪು ತುಸು ಇಳಿದಂತೆ ಕಂಡಿತು, ನೋಟ ಮಾತ್ರ ಮಂಜಾಗುತ್ತ ಹೋಯಿತು. ಮೈಸೂರಿಗೆ ಕರೆದೊಯ್ದಾಗ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತ್ತು. ವಾರಗಳ ಚಿಕಿತ್ಸೆಯ ನಂತರ ಕಣ್ಣು ಉಳಿಯಿತು, ಹೂವೂ ಉಳಿಯಿತು. ಆ ಕಣ್ಣಿನಿಂದ ಅವಳಿಗೆ ಪುಸ್ತಕ ಓದಲು ಆಗುವುದಿಲ್ಲ.

ಈ ಮಗುವಿನ ತಪ್ಪೇನು? ತಿಳಿಯದೆ ಮಾಡಿದ್ದು, ಹೆದರಿ ಮುಚ್ಚಿಟ್ಟದ್ದು. ಆ ಹೆದರಿಕೆಯನ್ನು ಅವಳಲ್ಲಿ ಬಿತ್ತಿದವರು ನಾವು. ಕನ್ನಡಕ ಹಾಕಿದ ಹುಡುಗಿಗೆ ಏನೋ ಕೊರತೆಯಿದೆ ಎಂದು ಸಂಬಂಧ ನೋಡುವಾಗ ಪಿಸುಗುಟ್ಟುವವರು ನಾವೇ. ಹುಡುಗನ ಕನ್ನಡಕಕ್ಕೆ ಮಾತ್ರ 'ತುಂಬಾ ಓದಿದ್ದಾನೆ' ಎಂಬ ಹೊಗಳಿಕೆ! ಮಗಳ ಪವರ್ ಎಷ್ಟೆಂದು ಸಂಬಂಧ ಮಾತನಾಡುವಾಗಲೇ ನೇರವಾಗಿ ಹೇಳಿಬಿಡಿ. ಅಷ್ಟಕ್ಕೇ ಎದ್ದು ಹೋಗುವವರು ಹೋಗಲಿ.

ಚೆಲುವಿನ ಒತ್ತಡ ಹೆಸರುವಾಸಿಯಾದವರನ್ನೂ ಬಿಟ್ಟಿಲ್ಲ. 2024ರ ಜುಲೈನಲ್ಲಿ ಹಿಂದಿ ಕಿರುತೆರೆಯ ನಟಿ ಜಾಸ್ಮಿನ್ ಭಸೀನ್ ದೆಹಲಿಯ ಕಾರ್ಯಕ್ರಮವೊಂದಕ್ಕೆ ಲೆನ್ಸ್ ಹಾಕಿಕೊಂಡು ಹೋದಾಗ ಕಣ್ಣು ನೋಯತೊಡಗಿತು. ಕಾರ್ಯಕ್ರಮ ಮುಗಿಸಿಯೇ ಅವರು ವೈದ್ಯರ ಬಳಿ ಹೋದರು. ಕಾರ್ನಿಯಾಕ್ಕೆ ಗಾಯವಾಗಿತ್ತೆಂದು ಅವರೇ ಪತ್ರಿಕೆಗಳಿಗೆ ತಿಳಿಸಿದರು. ಮುಚ್ಚಿಡದೆ ಹೇಳಿದ್ದರಿಂದ ಎಷ್ಟೋ ಜನ ಎಚ್ಚರಗೊಂಡರು.

ಮದ್ರಾಸ್ ಐಯೋ, ಕೆರಟೈಟಿಸ್ಸೋ?

ಎರಡರಲ್ಲೂ ಕಣ್ಣು ಕೆಂಪಾಗುತ್ತದೆ. ವ್ಯತ್ಯಾಸ ಹೀಗೆ: ಮದ್ರಾಸ್ ಐ ಸಾಮಾನ್ಯವಾಗಿ ಒಂದು ಕಣ್ಣಿನಿಂದ ಇನ್ನೊಂದಕ್ಕೂ ಬರುತ್ತದೆ, ಮನೆಯವರಿಗೂ ಅಂಟುತ್ತದೆ. ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ಚುಚ್ಚಿದಂತೆ ಆಗುತ್ತದೆ. ಪಿಸುರು ಒರೆಸಿದರೆ ನೋಟ ಬಹುಮಟ್ಟಿಗೆ ಸರಿಯಾಗಿರುತ್ತದೆ.

ಕೆರಟೈಟಿಸ್ ಹೆಚ್ಚಾಗಿ ಒಂದೇ ಕಣ್ಣಿಗೆ ಬರುತ್ತದೆ. ನೋವು ಜಾಸ್ತಿ. ಬೆಳಕು ಕಂಡರೆ ಆಗುವುದಿಲ್ಲ, ಕಣ್ಣು ತೆರೆಯಲಾಗುವುದಿಲ್ಲ, ನೀರು ಸುರಿಯುತ್ತದೆ. ನೋಟ ಮಂಜಾಗುತ್ತದೆ. ಕೆಲವೊಮ್ಮೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕನ್ನಡಿಯಲ್ಲೇ ಕಾಣುತ್ತದೆ. ಆದರೆ ಚುಕ್ಕೆ ಕಾಣುವವರೆಗೆ ಕಾಯಬಾರದು. ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ವೈದ್ಯರು ಅಲ್ಲ ಎನ್ನುವವರೆಗೂ ಅದು ಕೆರಟೈಟಿಸ್ ಎಂದೇ ತಿಳಿಯಿರಿ.

ಆಗ ಮಾಡಬೇಕಾದದ್ದು ಇಷ್ಟು. ಲೆನ್ಸ್ ತೆಗೆಯಿರಿ, ಮತ್ತೆ ಹಾಕಬೇಡಿ. ಲೆನ್ಸ್, ಡಬ್ಬಿ, ದ್ರಾವಣದ ಬಾಟಲಿ ಯಾವುದನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಅದರಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಬಹುದು. ಕಣ್ಣಿಗೆ ಬಟ್ಟೆಯ ಪಟ್ಟಿ ಬಿಗಿಯಬೇಡಿ. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ. ಮದ್ದೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಮುಂದೆ ಹೋಗಬೇಕೆಂದರೆ ಮಂಡ್ಯದ ಮಿಮ್ಸ್ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಇದೆ. ಇವೆಲ್ಲ ಸರ್ಕಾರಿ ಆಸ್ಪತ್ರೆಗಳೇ. ದುಡ್ಡಿಲ್ಲವೆಂದು ತಡಮಾಡಬೇಡಿ.

ಮಾಡಬಾರದ ಕೆಲಸಗಳು

ಮೆಡಿಕಲ್ ಅಂಗಡಿಯಲ್ಲಿ 'ಕಣ್ಣು ಕೆಂಪಾಗಿದೆ, ಏನಾದರೂ ಹನಿ ಕೊಡಿ' ಎಂದು ಕೇಳಬೇಡಿ. ಹಾಗೆ ಸಿಗುವ ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ಕೆಂಪನ್ನೂ ನೋವನ್ನೂ ಇಳಿಸುತ್ತದೆ, ನಮಗೆ ಗುಣವಾದಂತೆ ಅನ್ನಿಸುತ್ತದೆ. ಆದರೆ ಅದು ಇಳಿಸುವುದು ದೇಹದ ಹೋರಾಟವನ್ನು. ಕಾವಲುಗಾರನನ್ನು ಮಲಗಿಸಿದ ಮೇಲೆ ಶಿಲೀಂಧ್ರಕ್ಕೆ ಅಡ್ಡಿ ಯಾರು? ಅದು ಒಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಸ್ಟೆರಾಯ್ಡ್ ಬೇಕೋ ಬೇಡವೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣಿನ ವೈದ್ಯರೇ ಹೇಳಬೇಕು.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನು, ಎದೆಹಾಲು ಇವನ್ನು ಕಣ್ಣಿಗೆ ಬಿಡುವುದು ನಮ್ಮ ಹಿರಿಯರಲ್ಲಿ ರೂಢಿ. ಅವರ ಪ್ರೀತಿಗೆ ಗೌರವವಿರಲಿ. ಆದರೆ ಗೀರು ಬಿದ್ದ ಕಾರ್ನಿಯಾಕ್ಕೆ ಇವುಗಳ ಜೊತೆ ರೋಗಾಣುವೂ ಹೋಗುತ್ತದೆ. ಕಸ ಬಿದ್ದರೆ ಸೆರಗಿನ ತುದಿಯಿಂದ ಅಥವಾ ನಾಲಿಗೆಯಿಂದ ತೆಗೆಯುವುದೂ ಬೇಡ.

ಸುರ್ಮಾದ ಬಗ್ಗೆ ಕೇಳುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಹಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದರ ಪುಡಿ ಲೆನ್ಸ್ ಅಡಿಯಲ್ಲಿ ಸೇರಿದರೆ ಮರಳುಕಾಗದದಂತೆ ಉಜ್ಜುತ್ತದೆ. ಲೆನ್ಸ್ ಹಾಕುವವರು ರೆಪ್ಪೆಯ ಒಳಅಂಚಿಗೆ ಸುರ್ಮಾ, ಕಾಡಿಗೆ ಹಚ್ಚಬಾರದು. ಕೆಂಪಾದ ಕಣ್ಣಿಗೆ ಯಾರೂ ಹಚ್ಚಬಾರದು.

ಪ್ರತಿದಿನದ ಕ್ರಮ

ವಿದ್ಯಾರ್ಥಿಗಳೇ, ಇದನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ.

1. ಕಣ್ಣಿನ ಪರೀಕ್ಷೆಯಿಲ್ಲದೆ ಯಾವ ಲೆನ್ಸ್ ಅನ್ನೂ ಕೊಳ್ಳಬೇಡಿ. ಪವರ್ ಇಲ್ಲದ ಬಣ್ಣದ ಲೆನ್ಸ್‌ಗೂ ಈ ಮಾತು ಅನ್ವಯಿಸುತ್ತದೆ. ಗೆಳತಿಯ ಲೆನ್ಸ್ ಎಂದೂ ಹಾಕಬೇಡಿ.

2. ಲೆನ್ಸ್ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆದು, ಶುಭ್ರ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಒದ್ದೆ ಕೈ ಬೇಡ.

3. ಲೆನ್ಸ್ ಮತ್ತು ಡಬ್ಬಿಗೆ ನೀರು ತಾಗಿಸಬೇಡಿ. ನಲ್ಲಿಯದ್ದು, ಫಿಲ್ಟರಿನದ್ದು, ಕುದಿಸಿ ಆರಿಸಿದ್ದು ಯಾವುದೂ ಬೇಡ. ಎಂಜಲಂತೂ ಬೇಡವೇ ಬೇಡ.

4. ತೆಗೆದ ಲೆನ್ಸ್ ಅನ್ನು ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ. ಡಬ್ಬಿಯ ಹಳೆಯ ದ್ರಾವಣ ಚೆಲ್ಲಿ, ಪ್ರತಿಸಲ ಹೊಸದನ್ನು ತುಂಬಿ.

5. ಲೆನ್ಸ್ ಹಾಕಿಕೊಂಡ ಮೇಲೆ ಡಬ್ಬಿಯನ್ನು ದ್ರಾವಣದಿಂದ ತೊಳೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಿ. ಲೆನ್ಸ್‌ನ ಅವಧಿ ಮುಗಿದರೆ ಚೆನ್ನಾಗಿ ಕಂಡರೂ ಎಸೆಯಿರಿ.

6. ಲೆನ್ಸ್ ಹಾಕಿಕೊಂಡು ಮಲಗಬೇಡಿ. ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವವರು ಹತ್ತುವ ಮೊದಲೇ ತೆಗೆದು ಕನ್ನಡಕ ಹಾಕಿಕೊಳ್ಳಿ.

7. ಸ್ನಾನ, ಈಜು, ಕಾಲುವೆಯಲ್ಲಿ ಮುಳುಗುವುದು, ಗದ್ದೆ ಕೆಲಸ ಇವುಗಳ ಮೊದಲು ಲೆನ್ಸ್ ತೆಗೆಯಿರಿ. ಗದ್ದೆಯಲ್ಲಿ, ಒಕ್ಕಣೆಯಲ್ಲಿ ಕಣ್ಣಿಗೆ ಕನ್ನಡಕವೇ ರಕ್ಷೆ.

8. ಒಂದು ಜೊತೆ ಕನ್ನಡಕ ಯಾವಾಗಲೂ ಕೈಯಲ್ಲಿರಲಿ. ಕನ್ನಡಕವಿಲ್ಲದವರೇ ನೋಯುವ ಕಣ್ಣಿಗೂ ಲೆನ್ಸ್ ಹಾಕುವುದು.

ದಿನಕ್ಕೆ ಐದು ಬಾರಿ ವುಝೂ ಮಾಡುವವರ ಪ್ರಶ್ನೆಯೊಂದಿದೆ. ವುಝೂವಿನಲ್ಲಿ ತೊಳೆಯಬೇಕಾದದ್ದು ಮುಖವನ್ನು, ಕಣ್ಣಿನ ಒಳಭಾಗವನ್ನಲ್ಲ. ಲೆನ್ಸ್ ಹಾಕಿರುವಾಗ ಕಣ್ಣು ಸಹಜವಾಗಿ ಮುಚ್ಚಿ ಮುಖ ತೊಳೆಯಿರಿ, ರೆಪ್ಪೆಯ ಮೇಲೆ ನೀರು ಹರಿಯಲಿ, ಕಣ್ಣು ಬಿಟ್ಟು ನೀರು ಎರಚಿಕೊಳ್ಳಬೇಡಿ. ನಂತರ ಒರೆಸಿಕೊಂಡು ಕಣ್ಣು ತೆರೆಯಿರಿ.

ತಡವಾದರೆ ಏನು?

ಸಕಾಲಕ್ಕೆ ಹೋದರೆ ವೈದ್ಯರು ಹುಣ್ಣಿನಿಂದ ತುಸು ಕೆರೆದು ಪರೀಕ್ಷಿಸಿ, ಯಾವ ರೋಗಾಣು ಎಂದು ನೋಡಿ ಹನಿ ಕೊಡುತ್ತಾರೆ. ಆರಂಭದಲ್ಲಿ ಗಂಟೆಗೊಮ್ಮೆ, ರಾತ್ರಿಯೂ ಎದ್ದು ಹಾಕಬೇಕಾಗಬಹುದು. ಶಿಲೀಂಧ್ರವಾದರೆ ನಾಟಮೈಸಿನ್ ಎಂಬ ಹನಿಯನ್ನು ವಾರಗಟ್ಟಲೆ ಹಾಕಬೇಕು. ಬೇಸರಪಟ್ಟು ನಡುವೆ ನಿಲ್ಲಿಸಬಾರದು.

ಕಲೆ ಉಳಿದು ನೋಟ ಹೋದರೆ ಮುಂದಿನ ದಾರಿ ಕಾರ್ನಿಯಾ ಕಸಿ. ಅದಕ್ಕೆ ತೀರಿಹೋದವರೊಬ್ಬರ ಕಾರ್ನಿಯಾ ಬೇಕು. ಮರಣದ ನಂತರ ಆರು ಗಂಟೆಗಳೊಳಗೆ ಅದನ್ನು ತೆಗೆಯಬೇಕು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ತೀರಿಕೊಂಡಾಗ, ಕಾರ್ನಿಯಾದ ಪದರಗಳನ್ನು ಬೇರ್ಪಡಿಸುವ ವಿಧಾನದಿಂದ ಅವರ ಎರಡು ಕಣ್ಣುಗಳು ನಾಲ್ವರಿಗೆ ನೋಟ ಕೊಟ್ಟವು. ಆದರೂ ಕಾಯುವವರ ಸಾಲು ಉದ್ದವೇ ಇದೆ.

ನೇತ್ರದಾನದ ಬಗ್ಗೆ ನಮ್ಮ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಮೃತರ ಅಥವಾ ಅವರ ವಾರಸುದಾರರ ಒಪ್ಪಿಗೆಯಂತಹ ಷರತ್ತುಗಳೊಂದಿಗೆ ಮೃತರ ಅಂಗವನ್ನು ಕಸಿಗೆ ಬಳಸಬಹುದೆಂದು ನಿರ್ಣಯಿಸಿತು. ನಮ್ಮ ದೇಶದ ಹಲವು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಫತ್ವಾ ಹೇಳುವುದು ನನ್ನ ಕೆಲಸವಲ್ಲ. ನೀವು ನಂಬುವ ಆಲಿಮರನ್ನು ಕೇಳಿ, ಓದಿ, ಮನೆಯಲ್ಲಿ ಕೂತು ಚರ್ಚಿಸಿ. ಆದರೆ ಇರುವ ಕಣ್ಣನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬೇರೆಯವರ ಕಾರ್ನಿಯಾಕ್ಕಾಗಿ ಕಾಯುವ ಸ್ಥಿತಿ ನಮ್ಮ ಮಕ್ಕಳಿಗೆ ಬಾರದಂತೆ ನೋಡಿಕೊಳ್ಳುವುದು ನ್ಯಾಯ.

ಕೊನೆಯದಾಗಿ ಎರಡು ಕೋರಿಕೆಗಳು. ಸಂಘದ ಸದಸ್ಯರಲ್ಲಿ ಕೋರುವುದೇನೆಂದರೆ, ಪ್ರತಿವರ್ಷ ಶಾಲೆಗಳು ತೆರೆಯುವಾಗ ಮಕ್ಕಳ ಕಣ್ಣಿನ ಪರೀಕ್ಷೆ ಮಾಡಿಸಿ, ಬಡ ಮಕ್ಕಳಿಗೆ ಕನ್ನಡಕ ಕೊಡಿಸಿ. ಹೆಣ್ಣುಮಕ್ಕಳಿಗೆ ಎರಡು ಜೊತೆ ಕೊಡಿಸಿದರೂ ದುಂದಲ್ಲ. ವಿದ್ಯಾರ್ಥಿಗಳಲ್ಲಿ ಕೋರುವುದು ಇಷ್ಟೇ: ನಿಮ್ಮ ಹಾಸ್ಟೆಲ್ ಕೋಣೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಒಂದು ಕೆಂಪು ಕಣ್ಣನ್ನು ದುಪಟ್ಟಾದ ತುದಿಯಿಂದ ಮುಚ್ಚಿಕೊಂಡಿರುವುದು ಕಂಡರೆ, 'ಲೆನ್ಸ್ ಹಾಕುತ್ತೀಯಾ?' ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ ಬೈಯಬೇಡಿ, ಇನ್ನೊಬ್ಬರಿಗೆ ಹೇಳಬೇಡಿ. ಕೈ ಹಿಡಿದು ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.